ಹಳೆ ಪ್ಲೇಟಿನ ಕವರ್: ಎಲ್‌ಪಿ, ಇಪಿ, ಕ್ಯಾಸೆಟ್, ಹೊಸ ಅಚ್ಚು – ಮಲೆನಾಡಿನ ಮನೆಗೆ ಯಾವುದು ಸರಿ?

ಈ ಬೇಸಿಗೆಯಲ್ಲಿ ಮೂವರು ನನ್ನ ಹತ್ತಿರ ಹೆಚ್ಚುಕಡಿಮೆ ಒಂದೇ ಪ್ರಶ್ನೆ ತಂದರು. ನನ್ನ ಅಕ್ಕನ ಮಗಳು ತೀರ್ಥಹಳ್ಳಿ ಹತ್ತಿರ ಹೊಸ ಮನೆ ಕಟ್ಟಿಸಿದ್ದಾಳೆ. ಹಾಲ್‌ನ ಗೋಡೆಗೆ ಹಳೆ ರೆಕಾರ್ಡ್ ಕವರ್‌ಗಳನ್ನು ಸಾಲಾಗಿ ಹಾಕಬೇಕು ಅನ್ನೋದು ಅವಳ ಆಸೆ. ಸಾಗರದ ನಿವೃತ್ತ ಮೇಷ್ಟ್ರೊಬ್ಬರ ಮನೆಗೆ ಅವರ ಅಪ್ಪನ ಕಾಲದ ಪ್ಲೇಯರ್ ರಿಪೇರಿಯಾಗಿ ವಾಪಸ್ ಬಂದಿದೆ. ಅವರಿಗೆ ಕೇಳೋದಕ್ಕೂ ಆಗಬೇಕು, ಕೈಯಲ್ಲಿ ಹಿಡಿದು ನೋಡೋದಕ್ಕೂ ಚೆನ್ನಾಗಿರಬೇಕು. ಇನ್ನೊಬ್ಬ ಶಿವಮೊಗ್ಗದಲ್ಲಿ ಓದುತ್ತಿರುವ ಹುಡುಗ. ಡಿಸೈನ್ ಕಲಿಯುವ ಹುಮ್ಮಸ್ಸು ಇದೆ, ಕೈಯಲ್ಲಿ 1,000 ರೂಪಾಯಿ ಇದೆ.

"ಮಾವ, ಎಲ್‌ಪಿ ತಗೊಳ್ಳೋದಾ, ಇಪಿ ತಗೊಳ್ಳೋದಾ, ಇಲ್ಲಾ ಹೊಸದಾಗಿ ಪ್ರಿಂಟ್ ಹಾಕಿಸಿದ್ರೆ ಸಾಕಾ?" ಅಂತ ಅಕ್ಕನ ಮಗಳು ಕೇಳಿದಾಗ (ಎಲ್‌ಪಿ ಅಂದ್ರೆ ದೊಡ್ಡ ಪ್ಲೇಟು, ಇಪಿ ಅಂದ್ರೆ ಚಿಕ್ಕದು) ನಾನು ಮೊದಲು ಕೇಳಿದ್ದು ಬೇರೆಯೇ ಪ್ರಶ್ನೆ. "ಆ ಗೋಡೆ ಯಾವ ದಿಕ್ಕಿಗಿದೆ?"

ಚಿತ್ರ ಹೇಗಿದೆ ಅನ್ನೋದನ್ನು ಬಿಟ್ಟು ಗೋಡೆ ಯಾಕೆ ಕೇಳಿದೆ ಅಂತ ಅವಳಿಗೆ ಆಶ್ಚರ್ಯ. ಆದರೆ ನಮ್ಮ ಕಡೆ ಇದೇ ಮೊದಲ ಪ್ರಶ್ನೆ. ಬೆಂಗಳೂರಲ್ಲಿ ಕೂತು ಕವರ್ ಆರಿಸುವವರು ಚಿತ್ರ ನೋಡಿದರೆ ಸಾಕಾಗಬಹುದು. ಮಲೆನಾಡಿನವರು ಮೊದಲು ಕಾಗದ ನೋಡಬೇಕು, ಆಮೇಲೆ ಚಿತ್ರ.

ಆರಿಸುವ ಮುಂಚೆ ಏನೇನು ನೋಡಬೇಕು

ಕಾಗದಕ್ಕೆ ಬೂಷ್ಟು ಹಿಡಿಯೋದು ಗಾಳಿಯ ತೇವಾಂಶ ನೂರಕ್ಕೆ 65–70 ದಾಟಿದ ಮೇಲೆ. ಮಳೆಗಾಲದಲ್ಲಿ ನಮ್ಮ ಮನೆಗಳ ಒಳಗೆ ಅದಕ್ಕಿಂತ ಕಡಿಮೆ ಇರೋದು ಯಾವಾಗ ಹೇಳಿ? ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಶಿವಮೊಗ್ಗ, ಭದ್ರಾವತಿಯ ಅರೆಮಲೆನಾಡಲ್ಲಿ ಇದರ ಒಂದು ಸಣ್ಣ ಪಾಲು ಅಷ್ಟೇ. ಹಾಗಾಗಿ ಶಿವಮೊಗ್ಗದಲ್ಲಿ 20 ವರ್ಷ ಚೆನ್ನಾಗಿರುವ ಕವರ್ ಹೊಸನಗರದಲ್ಲಿ ಎರಡೇ ಮಳೆಗಾಲಕ್ಕೆ ಚುಕ್ಕೆ ಚುಕ್ಕೆ ಆಗಬಹುದು. ನೀವು ಯಾವ ತಾಲ್ಲೂಕಿನವರು ಅನ್ನೋದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಎರಡನೆಯದು ಅಂಟು. ಹಳೆ ಕವರ್‌ಗಳ ರಟ್ಟನ್ನು ಅಂಟಿಸಿರುವ ಗೋಂದು, ಗಂಜಿ ಅಂದ್ರೆ ಪುಸ್ತಕ ತಿನ್ನುವ ಬೆಳ್ಳಿ ಬಣ್ಣದ ಹುಳಕ್ಕೆ ಬಹಳ ಇಷ್ಟ. ಒರಲೆ ಹತ್ತಿದರಂತೂ ಗೋಡೆಗೆ ಒರಗಿಸಿಟ್ಟ ಇಡೀ ಕಟ್ಟು ಒಂದೇ ವಾರದಲ್ಲಿ ಮಣ್ಣು.

ಮೂರನೆಯದು, ನೀವು ಹಾಡು ಕೇಳುತ್ತೀರಾ, ಸುಮ್ನೆ ನೋಡುತ್ತೀರಾ, ಇಲ್ಲಾ ಅದರಿಂದ ಏನಾದರೂ ಕಲಿಯಬೇಕಾ? ಈ ಮೂರಕ್ಕೂ ಉತ್ತರ ಬೇರೆ ಬೇರೆ. ದುಡ್ಡಿನ ಮಾತು ಇದಾದ ಮೇಲೆ. ದುಡ್ಡು ಜಾಸ್ತಿ ಕೊಟ್ಟ ಮಾತ್ರಕ್ಕೆ ಕವರ್ ಜಾಸ್ತಿ ಬಾಳುವುದಿಲ್ಲ.

ಎಲ್‌ಪಿ ಕವರ್: ಒಂದಡಿ ಚೌಕದ ಲೋಕ

ರೆಕಾರ್ಡ್ ಕವರ್ ಅಂದಕೂಡಲೇ ಎಲ್ಲರ ಕಣ್ಣಿಗೆ ಬರೋದು ಇದೇ. 12 ಇಂಚಿನ ಪ್ಲೇಟು, ಅದಕ್ಕಿಂತ ಚೂರು ದೊಡ್ಡ ಚೌಕದ ರಟ್ಟು. ಇದರ ಕಥೆಯನ್ನು ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ, ಯಾಕಂದ್ರೆ ಆರಿಸುವಾಗ ಬೇಕಾಗುತ್ತದೆ.

ಮೊದಮೊದಲು ಅರಗಿನ ಪ್ಲೇಟುಗಳು ಬರುತ್ತಿದ್ದದ್ದು ಬರೀ ಕಂದು ಕಾಗದದ ಚೀಲದಲ್ಲಿ. ದೊಡ್ಡ ಸಂಗೀತ ಕೃತಿ ಒಂದು ಪ್ಲೇಟಿಗೆ ಹಿಡಿಯುತ್ತಿರಲಿಲ್ಲ. ಆಗ ನಾಲ್ಕೈದು ಪ್ಲೇಟುಗಳನ್ನು ಫೋಟೋ ಆಲ್ಬಂ ಥರ ಪುಸ್ತಕ ಕಟ್ಟಿ ಮಾರುತ್ತಿದ್ದರು. 'ಆಲ್ಬಂ' ಅನ್ನೋ ಹೆಸರು ಬಂದದ್ದೇ ಅಲ್ಲಿಂದ. ಅದರ ಮೇಲೂ ಚಿತ್ರ ಇರಲಿಲ್ಲ, ಬರೀ ಹೆಸರು. ಅಮೆರಿಕದ ಕೊಲಂಬಿಯಾ ಕಂಪನಿಗೆ 1939ರಲ್ಲಿ ಸೇರಿದ ಅಲೆಕ್ಸ್ ಸ್ಟೈನ್‌ವೈಸ್ ಅನ್ನುವ ಯುವಕ, 1940ರಲ್ಲಿ ಮೊದಲ ಬಾರಿಗೆ ಆ ಹೊದಿಕೆಯ ಮೇಲೆ ಚಿತ್ರ ಬಿಡಿಸಿ ತೋರಿಸಿದ. ಒಳಗಿನ ಸಂಗೀತ ಹೇಗಿದೆ ಅಂತ ಹೊರಗೇ ಕಾಣಬೇಕು ಅನ್ನೋದು ಅವನ ಹಟ. 1948ರಲ್ಲಿ ಅದೇ ಕಂಪನಿ ನಿಮಿಷಕ್ಕೆ 33⅓ ಸುತ್ತು ತಿರುಗುವ ಎಲ್‌ಪಿ ತಂದಿತು. ಆಮೇಲೆ ಒಂದಡಿ ಚೌಕದ ರಟ್ಟು ಚಿತ್ರಗಾರರ ಅಂಗಳವಾಯಿತು.

ಆ ಅಂಗಳದಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಬ್ಲೂ ನೋಟ್ ಅನ್ನುವ ಅಮೆರಿಕದ ಕಂಪನಿಯ ಜಾಜ್ ಸಂಗೀತದ ಕವರ್‌ಗಳು. 1950–60ರ ದಶಕದಲ್ಲಿ ರೀಡ್ ಮೈಲ್ಸ್ ಅವುಗಳ ವಿನ್ಯಾಸ ಮಾಡಿದ, ಫೋಟೋ ತೆಗೆದವನು ಫ್ರಾನ್ಸಿಸ್ ವುಲ್ಫ್. ಬಹಳಷ್ಟರಲ್ಲಿ ಒಂದು ಕಪ್ಪು–ಬಿಳುಪು ಫೋಟೋ, ಮೇಲೆ ಒಂದೇ ಬಣ್ಣ, ದಪ್ಪ ಅಕ್ಷರ, ಉಳಿದದ್ದು ಖಾಲಿ. ಬಣ್ಣ ಕಡಿಮೆ ಆದಷ್ಟೂ ಅಚ್ಚಿನ ಖರ್ಚು ಕಡಿಮೆ. ಆ ಇಕ್ಕಟ್ಟಿನಲ್ಲೇ ಮೈಲ್ಸ್ ಹೊಸ ದಾರಿ ಕಂಡುಕೊಂಡ. ಇದನ್ನು ನೋಡುವಾಗಲೆಲ್ಲ ನನಗೆ ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರ ನೆನಪಾಗುತ್ತದೆ. ಅಲ್ಲೂ ಹಾಗೇ ಅಲ್ವಾ? ಕೆಮ್ಮಣ್ಣಿನ ಗೋಡೆ, ಅಕ್ಕಿಯ ಬಿಳಿ, ಅಷ್ಟಿಷ್ಟು ಕಪ್ಪು, ಹಳದಿ. ಪುಂಡಿನಾರಿನ ಕುಂಚದಲ್ಲಿ ಎಳೆದ ನೇರ ಗೆರೆಗಳು. ಇಷ್ಟರಲ್ಲೇ ಇಡೀ ಮದುವೆಮನೆ ಗೋಡೆಯ ಮೇಲೆ ಬಂದು ನಿಲ್ಲುತ್ತದೆ. ಚಿತ್ತಾರ ನೋಡಿ ಬೆಳೆದವರಿಗೆ ಬ್ಲೂ ನೋಟ್ ಕವರ್ ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಬಂದದ್ದು ಮಡಚುವ ಕವರ್, ಪುಸ್ತಕದ ಥರ ತೆರೆಯುವಂಥದ್ದು. 1967ರಲ್ಲಿ ಬೀಟಲ್ಸ್ ತಂಡದ 'ಸಾರ್ಜೆಂಟ್ ಪೆಪ್ಪರ್ಸ್'ಗೆ ಪೀಟರ್ ಬ್ಲೇಕ್ ಮತ್ತು ಜಾನ್ ಹಾವರ್ತ್ ದೊಡ್ಡ ಜನಸಂದಣಿಯನ್ನೇ ಕಟ್ಟಿ ನಿಲ್ಲಿಸಿದರು. ಹಿಂಬದಿಯಲ್ಲಿ ಹಾಡುಗಳ ಸಾಹಿತ್ಯವನ್ನೂ ಅಚ್ಚು ಹಾಕಿದರು. 1973ರ ಪಿಂಕ್ ಫ್ಲಾಯ್ಡ್ ತಂಡದ 'ಡಾರ್ಕ್ ಸೈಡ್ ಆಫ್ ದ ಮೂನ್' ಇದಕ್ಕೆ ಪೂರಾ ಉಲ್ಟಾ. ಹಿಪ್ನೋಸಿಸ್ ಅನ್ನುವ ಸ್ಟುಡಿಯೋ ಮಾಡಿದ್ದು. ಕಪ್ಪು ಹಿನ್ನೆಲೆ, ಒಂದು ಗಾಜಿನ ಪಟ್ಟಕ (ಪ್ರಿಸಂ), ಒಂದು ಬೆಳಕಿನ ಗೆರೆ ಬಂದು ಬಣ್ಣವಾಗಿ ಒಡೆದು ಹೋಗುತ್ತದೆ, ಅಷ್ಟೇ. ತೆರೆದರೆ ಒಳಗೆ ಅದೇ ಗೆರೆ ಎದೆಬಡಿತದ ಗೆರೆಯಾಗಿ ಮುಂದುವರಿಯುತ್ತದೆ. ಮಡಚುವ ಕವರಿನ ಸುಖ ಇದು, ಒಂದು ಚಿತ್ರ ಮುಗಿಯಿತು ಅಂದುಕೊಂಡಾಗ ಇನ್ನೊಂದು ಶುರು.

ಕೆಲವರು ಇನ್ನೂ ಮುಂದೆ ಹೋದರು. 1971ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಒಂದು ಕವರಿಗೆ ನಿಜವಾದ ಜಿಪ್ ಹಾಕಿದ್ದರು, ಯೋಚನೆ ಆಂಡಿ ವಾರ್ಹಾಲ್‌ದು. ಪ್ಲೇಟುಗಳನ್ನು ಒಂದರ ಮೇಲೊಂದು ಇಟ್ಟು ಸಾಗಿಸುವಾಗ ಜಿಪ್ಪಿನ ಹಿಡಿ ಪಕ್ಕದ ಪ್ಲೇಟಿನಲ್ಲಿ ಹಾಡು ಕೊರೆದ ಗೆರೆಗಳನ್ನೇ ಒತ್ತಿ ಕೆಡಿಸಿತು. ಕೊನೆಗೆ ಜಿಪ್ಪನ್ನು ಅರ್ಧ ಇಳಿಸಿ, ಹಿಡಿ ನಡುವಿನ ಲೇಬಲ್ ಮೇಲೆ ಬರುವಂತೆ ಮಾಡಿ ಕಳಿಸಿದರು. ನಮ್ಮ ಹವೆಗೆ ಬಂದ್ರೆ ಆ ಜಿಪ್ ತುಕ್ಕು ಹಿಡಿಯುತ್ತದೆ, ತುಕ್ಕು ರಟ್ಟಿಗೆ ಇಳಿಯುತ್ತದೆ. ಇಂಥ ಲೋಹ ಇರುವ ಕವರುಗಳನ್ನು ಮಲೆನಾಡಿಗೆ ತರಬೇಡಿ ಅನ್ನೋದು ನನ್ನ ಖಚಿತ ಮಾತು.

ಇನ್ನು ನಮ್ಮ ದೇಶದ ಎಲ್‌ಪಿಗಳು. ಕಲ್ಕತ್ತೆಯ ಡಮ್ ಡಮ್ ಕಾರ್ಖಾನೆಯಲ್ಲಿ ಗ್ರಾಮಫೋನ್ ಕಂಪನಿ ಒತ್ತಿದ ಎಚ್‌ಎಂವಿ ಪ್ಲೇಟುಗಳೇ ನಮ್ಮ ಕಡೆಯ ಮನೆಗಳಲ್ಲಿ ಜಾಸ್ತಿ ಸಿಗೋದು. ಶಾಸ್ತ್ರೀಯ ಸಂಗೀತದ ಕವರ್ ಆದರೆ ಮುಂದೆ ಗಾಯಕರ ಫೋಟೋ, ಹಿಂದೆ ರಾಗ, ತಾಳ, ಪಕ್ಕವಾದ್ಯದವರ ಹೆಸರು, ಜೊತೆಗೆ ಒಂದು ಪುಟದಷ್ಟು ಬರಹ. ಕೇಳುವವರಿಗೆ ಆ ಹಿಂಬದಿ ಬಹಳ ಮುಖ್ಯ. ಸಿನಿಮಾ ಕವರ್ ಆದರೆ ಪೋಸ್ಟರ್ ಬರೆಯುವವರ ಕೈಚಳಕ: ದೊಡ್ಡ ದೊಡ್ಡ ಮುಖ, ಗಾಢ ಬಣ್ಣ, ಮೂಲೆಯಲ್ಲಿ ಒಂದು ಹೊಡೆದಾಟ.

ಆ ಕಾಲದ ಎಷ್ಟೋ ಕವರ್‌ಗಳ ಮುಂಬದಿಗೆ ಹೊಳೆಯುವ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಅದರ ಅಂಚನ್ನು ಹಿಂದಕ್ಕೆ ಮಡಚಿರುತ್ತಾರೆ. ಹಿಂಬದಿ ಮಾತ್ರ ಬರೀ ಕಾಗದ. ನಮ್ಮ ಹವೆಯಲ್ಲಿ ಇದರ ಆಟ ಬೇರೆ. ಮುಂಬದಿ ತೇವ ತಡೆಯುತ್ತದೆ, ಹಿಂಬದಿ ತೇವ ಕುಡಿಯುತ್ತದೆ. ಎರಡೂ ಬದಿ ಬೇರೆ ಬೇರೆ ಹಿಗ್ಗಿ ರಟ್ಟು ಬಿಲ್ಲಿನಂತೆ ಬಾಗುತ್ತದೆ, ಕೆಲವು ಕಡೆ ಪ್ಲಾಸ್ಟಿಕ್ ಗುಳ್ಳೆ ಏಳುತ್ತದೆ. ಆದ್ದರಿಂದ ಕೊಳ್ಳುವಾಗ ಮುಂಬದಿ ನೋಡಿ ಮರುಳಾಗಬೇಡಿ. ತಿರುಗಿಸಿ ಹಿಂಬದಿ ನೋಡಿ. ಕಂದು ಚುಕ್ಕೆ ಹರಡಿದ್ದರೆ ತೇವ ಆಗಲೇ ಒಳಗೆ ಹೋಗಿದೆ. ಮೂಗಿಗೆ ಹಿಡಿದು ನೋಡಿ, ಮುಗ್ಗಲು ವಾಸನೆ ಬಂದರೆ ಚಿತ್ರ ಎಷ್ಟೇ ಚೆಂದ ಇರಲಿ, ಬಿಟ್ಟುಬಿಡಿ. ಒಂದು ಮುಗ್ಗಲು ಕವರ್ ನಿಮ್ಮ ಕಪಾಟಿನ ಉಳಿದ ಮೂವತ್ತಕ್ಕೂ ಬೂಷ್ಟು ಹಂಚುತ್ತದೆ. ಒಳಗಿನ ಪ್ಲೇಟಿನ ಗುಂಡು ಅಚ್ಚು ಮೇಲೆ ಮೂಡಿದ್ದರೆ ಅದು ಮಲಗಿಸಿ ಇಟ್ಟದ್ದರ ಗುರುತು. ಅದು ನೋಟಕ್ಕೆ ಕುಂದು, ಆಯುಸ್ಸಿಗೆ ಅಲ್ಲ. ಬೆಲೆ ಇಳಿಸಿ ಕೇಳಲು ಅದೊಂದು ಕಾರಣ.

ಇನ್ನೊಂದು, ಕವರ್ ಮೇಲಿರುವ ನಂಬರ್ ಮತ್ತು ಪ್ಲೇಟಿನ ಲೇಬಲ್ ಮೇಲಿನ ನಂಬರ್ ಒಂದೇನಾ ನೋಡಿಕೊಳ್ಳಿ. ಗುಜರಿಯಲ್ಲಿ ಕೈಬದಲಾಗುವಾಗ ಒಂದರ ಪ್ಲೇಟು ಇನ್ನೊಂದರ ಕವರಿಗೆ ಸೇರೋದು ತೀರಾ ಸಾಮಾನ್ಯ.

ಎಲ್‌ಪಿಯ ತೂಕವನ್ನೂ ಮರೆಯಬೇಡಿ. 50 ಎಲ್‌ಪಿ ಅಂದ್ರೆ 11–12 ಕೆಜಿ. ಗಟ್ಟಿ ಕಪಾಟು ಬೇಕು, ನಿಲ್ಲಿಸಿಯೇ ಇಡಬೇಕು, ನೆಲದಿಂದ ಒಂದಡಿ ಮೇಲೆ ಇರಬೇಕು, ಹಿಂದೆ ಗೋಡೆಗೆ ತಾಗಬಾರದು. ಇಷ್ಟು ಜಾಗ, ಇಷ್ಟು ನಿಗಾ ಇದ್ದರೆ ಎಲ್‌ಪಿಯಷ್ಟು ಸಂತೋಷ ಕೊಡುವ ವಸ್ತು ಬೇರೆ ಇಲ್ಲ.

ಇಪಿ ಕವರ್: ಕನ್ನಡದ ಅಕ್ಷರ ಇರುವ ಜಾಗ

ನನ್ನನ್ನು ಕೇಳಿದರೆ ನಮ್ಮ ಕಡೆಯ ಹೆಚ್ಚಿನ ಮನೆಗಳಿಗೆ ಒಪ್ಪುವುದು ಇದೇ. 7 ಇಂಚಿನ ಪುಟ್ಟ ಪ್ಲೇಟು, ನಿಮಿಷಕ್ಕೆ 45 ಸುತ್ತು, ಸಾಮಾನ್ಯವಾಗಿ ಒಂದು ಬದಿಗೆ ಎರಡು ಹಾಡು. 1960–70ರ ದಶಕದ ಎಷ್ಟೋ ಕನ್ನಡ ಸಿನಿಮಾ ಹಾಡುಗಳು ಮನೆಗಳಿಗೆ ಬಂದದ್ದು ಈ ಇಪಿಗಳಲ್ಲೇ. ಹಾಗಾಗಿ ಕನ್ನಡದ ಕವರ್ ಬೇಕು ಅನ್ನುವವರು ಮೊದಲು ಹುಡುಕಬೇಕಾದದ್ದು ಇಲ್ಲಿ.

ಕಾಗದ ತೆಳು, ಅಚ್ಚು ಎಷ್ಟೋ ಸಲ ಎರಡೇ ಬಣ್ಣ. ಬಣ್ಣ ಗೆರೆ ದಾಟಿ ಚೂರು ಆಚೆ ಬಿದ್ದಿರುತ್ತದೆ. ನಾಯಕಿಯ ತುಟಿಯ ಕೆಂಪು ಕೆನ್ನೆಗೆ ತಾಗಿರುತ್ತದೆ. ನನಗೆ ಅದು ಕುಂದು ಅನ್ನಿಸೋದಿಲ್ಲ. ಒಬ್ಬ ಕೆಲಸಗಾರ ಒಂದರ ಮೇಲೊಂದು ಬಣ್ಣ ಕೂರಿಸಿದ್ದು ಅಲ್ಲಿ ಕಣ್ಣಿಗೆ ಕಾಣುತ್ತದೆ.

ಆದರೆ ಇಪಿಯ ನಿಜವಾದ ಬೆಲೆ ಇರೋದು ಅಕ್ಷರದಲ್ಲಿ. ಸಿನಿಮಾದ ಹೆಸರನ್ನು ಕಲಾವಿದರು ಕುಂಚದಲ್ಲಿ ಬರೆಯುತ್ತಿದ್ದರು. ಇಂಗ್ಲಿಷ್ ಅಕ್ಷರ ಇಟ್ಟಿಗೆ ಜೋಡಿಸಿದ ಹಾಗೆ ಸಾಲಾಗಿ ಕೂರುತ್ತದೆ. ಕನ್ನಡ ಹಾಗಲ್ಲ. ಮೇಲೆ ತಲೆಕಟ್ಟು, ಗುಡಿಸು, ಪಕ್ಕದಲ್ಲಿ ಕೊಂಬು, ದೀರ್ಘ, ಕೆಳಗೆ ಒತ್ತು. ಎರಡು ಸಾಲು ಹತ್ತಿರ ತಂದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಆ ಕಲಾವಿದರು ಇದನ್ನು ಹೇಗೆ ಬಿಡಿಸಿಕೊಂಡರು ನೋಡಿ: ತಲೆಕಟ್ಟನ್ನು ಎಳೆದು ಇಡೀ ಹೆಸರಿಗೆ ಚಪ್ಪರ ಮಾಡಿದರು. ಒತ್ತಕ್ಷರದ ಬಾಲವನ್ನು ಬಳ್ಳಿಯಂತೆ ಬಿಟ್ಟು ಅದರ ಕೆಳಗೆ ನಾಯಕನ ಮುಖ ಕೂರಿಸಿದರು. ಕೊನೆಯ ದೀರ್ಘವನ್ನು ಬಾಣ ಮಾಡಿದರು, ಕತ್ತಿ ಮಾಡಿದರು. ಅಮೆರಿಕದ ಯಾವ ಜಾಜ್ ಕವರೂ ಇದನ್ನು ಕಲಿಸಲಾರದು. ಡಿಸೈನ್ ಕಲಿಯುವ ಶಿವಮೊಗ್ಗದ ಹುಡುಗನಿಗೆ ನಾನು ಕೈಹಿಡಿದು ಹೇಳಿದ್ದು ಇದನ್ನೇ.

ಒಂದು ಎಚ್ಚರ. ಕನ್ನಡ ಸಿನಿಮಾದ ಇಪಿ ಆದರೂ ಕೆಲವು ಕವರ್‌ಗಳಲ್ಲಿ ಹೆಸರು ಬರೀ ಇಂಗ್ಲಿಷಿನಲ್ಲಿ ಇರುತ್ತದೆ. ಇನ್ನು ಕೆಲವಕ್ಕೆ ಚಿತ್ರವೇ ಇಲ್ಲ, ಕಂಪನಿಯ ಮಾಮೂಲಿ ಚೀಲ. ಹಾಡಿಗಾಗಿ ಕೊಳ್ಳುವವರಿಗೆ ಪರವಾಗಿಲ್ಲ. ಕವರಿಗಾಗಿ ಕೊಳ್ಳುವವರು ಫೋಟೋ ತರಿಸಿಕೊಂಡು ನೋಡಿಯೇ ದುಡ್ಡು ಕಳಿಸಿ.

ಮಲೆನಾಡಿನ ಲೆಕ್ಕದಲ್ಲಿ ಇಪಿಗೆ ಒಂದು ದೊಡ್ಡ ಅನುಕೂಲ ಇದೆ. ಸಣ್ಣದು. 40 ಇಪಿಗಳು ಅಡುಗೆಮನೆಯಲ್ಲಿರುವಂಥ ಬಿಗಿ ಮುಚ್ಚಳದ ಒಂದು ದೊಡ್ಡ ಪ್ಲಾಸ್ಟಿಕ್ ಡಬ್ಬದಲ್ಲಿ ಹಿಡಿಯುತ್ತವೆ. ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿಟ್ಟರೆ ಇಡೀ ಮಳೆಗಾಲ ಬೆಚ್ಚಗೆ ಕಳೆಯುತ್ತವೆ. ಬಣ್ಣ ಬದಲಾಯಿಸುವ ಜೆಲ್ ತಗೊಳ್ಳಿ. ನೀಲಿಯದು ಗುಲಾಬಿ ಆದರೆ ನೀರು ಕುಡಿದು ತುಂಬಿದೆ ಅಂತ ಅರ್ಥ, ಬಿಸಿ ಮಾಡಿ ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಅನ್ನದ ಪಾತ್ರೆಯಲ್ಲಿ ಮಾತ್ರ ಬಿಸಿ ಮಾಡಬೇಡಿ, ಬೇರೆ ಪಾತ್ರೆ ಇಟ್ಟುಕೊಳ್ಳಿ. ಎಲ್‌ಪಿಗೆ ಇಷ್ಟು ಸುಲಭದ ಡಬ್ಬ ಸಿಗೋದಿಲ್ಲ.

ಗೋಡೆಗೆ ಹಾಕಿದರೆ ದೂರದಿಂದ ಚಿಕ್ಕದಾಗಿ ಕಾಣುತ್ತದೆ, ಇದೊಂದು ಕೊರತೆ. ಅದಕ್ಕೆ ನಾಲ್ಕನ್ನು ಚೌಕವಾಗಿ ಜೋಡಿಸಿ ಒಂದೇ ಫ್ರೇಮ್ ಮಾಡಿಸಿದರೆ ಎಲ್‌ಪಿಗಿಂತ ದೊಡ್ಡ ಚೌಕ ಆಗುತ್ತದೆ.

ಅರಗಿನ ಪ್ಲೇಟಿನ ಚೀಲ

78 ಸುತ್ತಿನ ಹಳೆ ಪ್ಲೇಟುಗಳ ಬಗ್ಗೆ ಜಾಸ್ತಿ ಹೇಳೋದಿಲ್ಲ. ಕವರಿನ ಚೆಂದಕ್ಕೆ ಇವನ್ನು ಕೊಳ್ಳುವವರು ಕಡಿಮೆ. ನಡುವೆ ತೂತು ಇರುವ ಕಾಗದದ ಚೀಲ, ತೂತಿನಲ್ಲಿ ಕಾಣುವ ಲೇಬಲ್, ಎಚ್‌ಎಂವಿಯದಾದರೆ ಅದರಲ್ಲಿ ಕಂಪನಿಯ ಗುರುತಾದ, ಫ್ರಾನ್ಸಿಸ್ ಬರೋ ಬರೆದ ಆ ನಾಯಿ. ಪ್ಲೇಟು ಕೈ ಜಾರಿದರೆ ಹಪ್ಪಳದಂತೆ ಒಡೆಯುತ್ತದೆ, ಚೀಲ ಮುಟ್ಟಿದರೆ ಪುಡಿಯಾಗುತ್ತದೆ. ಆದರೆ ಕೆಲವು ಚೀಲಗಳ ಮೇಲೆ ಆಗಿನ ಅಂಗಡಿಯ ಹೆಸರು, ಊರು ಅಚ್ಚಾಗಿರುತ್ತದೆ, ಇಲ್ಲಾ ಮುದ್ರೆ ಒತ್ತಿರುತ್ತದೆ. ನಿಮ್ಮ ಅಟ್ಟದಲ್ಲಿ ನಿಮ್ಮ ಊರಿನದೇ ಹೆಸರಿರುವ ಚೀಲ ಸಿಕ್ಕಿದರೆ ಅದನ್ನು ಯಾರಿಗೂ ಕೊಡಬೇಡಿ. ಕೊಂಡು ತರುವ ಮಾತಾದರೆ, ಆ ದುಡ್ಡಿಗೆ ಇಪಿ ತನ್ನಿ.

ಕ್ಯಾಸೆಟ್ ಕವರ್: ಕಡಿಮೆ ದುಡ್ಡಿನವರ ಭಾಗ್ಯ

ಕ್ಯಾಸೆಟ್ಟನ್ನು ಈಗ ಯಾರೂ ಕಲೆ ಅಂತ ಎಣಿಸೋದಿಲ್ಲ. ನನಗೆ ಇದರಲ್ಲಿ ಬೇಸರ ಇದೆ. ಕನ್ನಡ ಭಾವಗೀತೆಯ ಕಥೆ ಇರೋದೇ ಕ್ಯಾಸೆಟ್ಟಿನಲ್ಲಿ. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಅನ್ನಿಸಿಕೊಂಡ 'ನಿತ್ಯೋತ್ಸವ' ಬಂದದ್ದು 1978ರಲ್ಲಿ. ಕವಿ ನಿಸಾರ್ ಅಹಮದ್ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಮಾಡಿದವರು. ಸಂಗೀತ ಮೈಸೂರು ಅನಂತಸ್ವಾಮಿ ಅವರದು. ಆಮೇಲೆ 1980ರ ದಶಕದಲ್ಲಿ ಭಾವಗೀತೆ, ಜನಪದ, ಯಕ್ಷಗಾನ, ಭಕ್ತಿಗೀತೆ ಎಲ್ಲವೂ ಕ್ಯಾಸೆಟ್ಟಾಗಿ ಮನೆಮನೆಗೆ ಬಂದವು.

ಕವರ್ ಅಂಗೈಗಿಂತ ಚಿಕ್ಕದು. ಆ ಜಾಗದಲ್ಲಿ ಕವಿಯ ಹೆಸರು, ಗಾಯಕರ ಹೆಸರು, ಒಂದು ಚಿತ್ರ ಹಿಡಿಸಬೇಕು. ಇಕ್ಕಟ್ಟಾದ ಜಾಗದಲ್ಲಿ ಏನನ್ನು ಬಿಡಬೇಕು ಅನ್ನೋದನ್ನು ಕಲಿಯಲು ಇದು ಒಳ್ಳೆಯ ಪಾಠ. ಚೆನ್ನಾಗಿಲ್ಲದ ಕವರ್‌ಗಳೂ ಬೇಕಾದಷ್ಟಿವೆ, ಅವುಗಳಿಂದಲೂ ಕಲಿಯಬಹುದು.

ಮಲೆನಾಡಿನ ಮಳೆಯನ್ನು ಈ ಕವರ್ ಎಲ್ಲಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಇರುವುದರಿಂದ ಗೋಡೆಯ ತೇವ ನೇರ ತಾಗುವುದಿಲ್ಲ. ಒಳಗಿನ ಟೇಪಿಗೆ ಮಾತ್ರ ಬಿಳಿ ಬೂಷ್ಟು ಬಂದಿರಬಹುದು. ಕಿಟಕಿಯಂತಿರುವ ಭಾಗದಲ್ಲಿ ಟೇಪಿನ ಸುರುಳಿ ನೋಡಿ, ಬಿಳಿ ಪುಡಿ ಕಂಡರೆ ಪ್ಲೇಯರಿಗೆ ಹಾಕಬೇಡಿ. ಅದು ಪ್ಲೇಯರಿನಲ್ಲಿ ಟೇಪ್ ಓದುವ ಹೆಡ್ಡಿಗೆ ಅಂಟಿ ಉಳಿದ ಕ್ಯಾಸೆಟ್ಟುಗಳಿಗೂ ಹೋಗುತ್ತದೆ. ಕವರ್ ಮಾತ್ರ ತೆಗೆದು ಇಟ್ಟುಕೊಳ್ಳಿ.

ದುಡ್ಡಿನ ವಿಷಯದಲ್ಲಿ ಇಷ್ಟು ಅಗ್ಗ ಬೇರೆ ಇಲ್ಲ. ಎಷ್ಟೋ ಮನೆಗಳಲ್ಲಿ ಬಿಸಾಡಲು ಇಟ್ಟಿರುತ್ತಾರೆ, ಕೇಳಿದರೆ ಸುಮ್ನೆ ಕೊಡುತ್ತಾರೆ.

ಹೊಸ ಅಚ್ಚು

ಇದರಲ್ಲಿ ಎರಡು ಥರ. ಒಂದು, ಹಳೆ ಆಲ್ಬಂ ಅನ್ನು ಕಂಪನಿಯೇ ಮತ್ತೆ ಒತ್ತಿ ಹೊಸ ಕವರಿನಲ್ಲಿ ಕೊಡೋದು. ವಿದೇಶಿ ಆಲ್ಬಂ ಆದರೆ ಈಗ 2,000ದಿಂದ 4,000 ರೂಪಾಯಿವರೆಗೂ ಹೋಗುತ್ತದೆ. ಕಾಗದ ಹೊಸದು, ಬೂಷ್ಟು ಇಲ್ಲ, ಒಳಗಿನ ಪ್ಲೇಟೂ ಶುದ್ಧ. ಪಟ್ಟಕದ ಆ ಕಪ್ಪು ಕವರ್ ಗೋಡೆಗೆ ಬೇಕು ಅನ್ನುವವರು 1973ರದ್ದೇ ಹುಡುಕಿ ದುಡ್ಡು ಸುರಿಯಬೇಕಾಗಿಲ್ಲ. ಅದಕ್ಕೆ ಹೊಸದೇ ಸರಿ.

ಆದರೆ ಹೊಸದನ್ನು ಹಳೆಯದು ಅಂತ ಕೊಡುವವರೂ ಇದ್ದಾರೆ. ಒಂದು ಭೂತಗನ್ನಡಿ ಜೇಬಿನಲ್ಲಿ ಇರಲಿ. ಹಳೆ ಕವರಿನಲ್ಲಿ ಫೋಟೋ ಚುಕ್ಕೆಗಳಿಂದ ಆಗಿರುತ್ತದೆ, ಆದರೆ ಸಣ್ಣ ಕಪ್ಪು ಅಕ್ಷರಗಳು ಗಟ್ಟಿ ಶಾಯಿಯಲ್ಲಿ ಅಂಚು ಚೂಪಾಗಿ ಇರುತ್ತವೆ. ಹಳೆ ಕವರನ್ನು ಸ್ಕ್ಯಾನ್ ಮಾಡಿ ಮತ್ತೆ ಅಚ್ಚು ಹಾಕಿದ್ದರೆ ಅಕ್ಷರಗಳೂ ಚುಕ್ಕೆಯಾಗಿ ಒಡೆದು ಅಂಚು ಮಸುಕಾಗಿರುತ್ತದೆ. ಬಾರ್‌ಕೋಡ್ ಇದೆಯಾ ಅಂತಲೂ ನೋಡಿ. ಅಂಗಡಿಯಲ್ಲಿ ಮೊದಲ ಬಾರಿಗೆ ಬಾರ್‌ಕೋಡ್ ಓದಿಸಿದ್ದೇ 1974ರಲ್ಲಿ. ಅದಿರುವ ಕವರನ್ನು 1965ರದ್ದು ಅಂದರೆ ನಂಬಬೇಡಿ.

ಎರಡನೆಯದು, ಇಂಟರ್‌ನೆಟ್ಟಿನಿಂದ ಚಿತ್ರ ತೆಗೆದು ಪ್ರಿಂಟ್ ಹಾಕಿಸೋದು. ನಾನು ಇದಕ್ಕೆ ಒಪ್ಪುವುದಿಲ್ಲ. ಆ ಚಿತ್ರಕ್ಕೆ ಹಕ್ಕುದಾರರು ಇದ್ದಾರೆ ಅನ್ನೋದು ಒಂದು. ಚೆನ್ನಾಗಿಯೂ ಬರೋದಿಲ್ಲ ಅನ್ನೋದು ಇನ್ನೊಂದು. 12 ಇಂಚಿನ ಚಿತ್ರ ಸ್ಪಷ್ಟವಾಗಿ ಬರಲು ಒಂದು ಬದಿಗೆ ಸುಮಾರು 3,600 ಪಿಕ್ಸೆಲ್ ಬೇಕು. ಸಾಮಾನ್ಯವಾಗಿ ಸಿಗೋದು 600ರ ಆಸುಪಾಸು. ಗೋಡೆಗೆ ಏರಿದ ಮೇಲೆ ಮುಖವೆಲ್ಲ ಮಂಜು.

ಗೋಡೆಗೆ ಹಾಕುವವರಿಗೆ

ಇಲ್ಲಿ ನನ್ನ ಒಂದು ನೋವು ಹೇಳಲೇಬೇಕು. ಕೆಲವು ವರ್ಷದ ಹಿಂದೆ, ಬಹಳ ಇಷ್ಟದ ಒಂದು ಎಲ್‌ಪಿ ಕವರನ್ನು ಫ್ರೇಮ್ ಹಾಕುವ ಅಂಗಡಿಯೊಂದಕ್ಕೆ ಕೊಟ್ಟೆ. ಹೇಗೆ ಮಾಡಬೇಕು ಅಂತ ನಾನು ಹೇಳಲಿಲ್ಲ. ಅವರು ಹಿಂಬದಿಗೆ ಗೋಂದು ಬಳಿದು ಹಲಗೆಗೆ ಅಂಟಿಸಿ, ಮುಂದೆ ಗಾಜು ಒತ್ತಿ ಕೂರಿಸಿ ಕೊಟ್ಟರು. ನೋಡಲು ಚೆನ್ನಾಗಿಯೇ ಇತ್ತು. ನಾನು ಅದನ್ನು ಪಡುವಣ ಗೋಡೆಗೆ ಹಾಕಿದೆ. ಆಶ್ಲೇಷ ಮಳೆ ಮುಗಿಯುವಷ್ಟರಲ್ಲಿ ಕವರ್ ಗಾಜಿಗೆ ಅಂಟಿಕೊಂಡಿತ್ತು. ಬಿಡಿಸಲು ಹೋದರೆ ಗಾಯಕಿಯ ಮುಖದ ಬಣ್ಣ ಗಾಜಿಗೇ ಬಂತು. ಹಿಂಬದಿಯ ಬರಹ ಗೋಂದಿನಡಿ ಹೋಯಿತು. ಆ ಗಾಜು ಇನ್ನೂ ನನ್ನ ಹತ್ತಿರ ಇದೆ.

ಅದಕ್ಕೇ ಹೇಳುತ್ತೇನೆ. ಕವರನ್ನು ಯಾವತ್ತೂ ಅಂಟಿಸಬೇಡಿ. ಗಾಜಿಗೂ ಕವರಿಗೂ ನಡುವೆ ಮೌಂಟ್ ಬೋರ್ಡಿನ (ಚಿತ್ರದ ಸುತ್ತ ಕೂರಿಸುವ ದಪ್ಪ ರಟ್ಟಿನ) ದಪ್ಪದಷ್ಟಾದರೂ ಸಂದು ಇರಲಿ. ಹಿಂಬದಿಯ ಹಲಗೆ ತಿರುಪಿನಲ್ಲಿ ಬಿಚ್ಚುವಂತಿರಲಿ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೆ ಬಾಟಲಿಯ ಬಿರಡೆ ಕತ್ತರಿಸಿ ಅಂಟಿಸಿದರೆ ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡುತ್ತದೆ. ನಮ್ಮಲ್ಲಿ ಮಳೆ ಬಡಿಯೋದು ಪಡುವಣದಿಂದ. ಹಿಂದಿನವರು ಆ ಗೋಡೆಗೆ ಮಳೆಗಾಲಕ್ಕೆ ಮುಂಚೆ ಸೋಗೆ ಕಟ್ಟುತ್ತಿದ್ದದ್ದು ಸುಮ್ನೆ ಅಲ್ಲ. ಕವರ್ ಹಾಕುವುದು ಮನೆಯ ಒಳಗೋಡೆಗೆ, ಎರಡೂ ಬದಿ ಕೋಣೆ ಇರುವ ಗೋಡೆಗೆ. ಬಿಸಿಲು ನೇರ ಬೀಳುವ ಕಡೆಯೂ ಬೇಡ, ಕೆಂಪು ಬಣ್ಣ ಬೇಗ ಮಾಸುತ್ತದೆ.

ಎತ್ತಿಡುವವರು ಹೊರಚೀಲಕ್ಕೆ ಪಾಲಿಪ್ರೊಪಿಲೀನ್ ಇಲ್ಲವೇ ಪಾಲಿಥೀನ್ ಕವರ್ ಕೇಳಿ. ದಪ್ಪ, ಮೆತ್ತಗಿನ ಪಿವಿಸಿ ಚೀಲ ಬೇಡ. ಅದು ಶೆಕೆಗೆ ಜಿಡ್ಡು ಬಿಟ್ಟು ಕವರಿಗೆ ಅಂಟುತ್ತದೆ. ಅಡುಗೆಮನೆ ಮೇಲಿನ ಅಟ್ಟ ಒಣಗಿರುತ್ತದೆ ಅಂತ ಅಲ್ಲಿಡುವವರಿದ್ದಾರೆ. ಒಣಗಿರೋದು ನಿಜ, ಆದರೆ ಹೊಗೆಗೆ ಬಿಳಿ ಕವರ್ ಎಲ್ಲ ಹಳದಿ. ಇಲಿಯ ಕಾಟ ಬೇರೆ.

ಚೆನ್ನಾಗಿ ಹಾಡುವ ಪ್ಲೇಟಿನ ಕವರ್ ಕಿತ್ತು ಗೋಡೆಗೆ ಹಾಕಿ, ಪ್ಲೇಟನ್ನು ಬರಿಮೈಯಲ್ಲಿ ಬಿಡಬೇಡಿ. ಒಡೆದ, ಗೀರು ಬಿದ್ದ ಪ್ಲೇಟುಗಳ ಕವರ್‌ಗಳು ಗುಜರಿಯಲ್ಲಿ, ಬೆಂಗಳೂರಿನ ಸಂಡೇ ಬಜಾರಿನಂಥ ಕಡೆ ಹುಡುಕಿದರೆ ಸಿಗುತ್ತವೆ, ಕಡಿಮೆಗೂ ಸಿಗುತ್ತವೆ. ಗೋಡೆಗೆ ಅವು ಸಾಕು.

ಮೂವರು ಏನು ಮಾಡಿದರು

ಸಾಗರದ ಮೇಷ್ಟ್ರು ಎಲ್‌ಪಿಯನ್ನೇ ಆರಿಸಿದರು, ಅದೇ ಸರಿ. ಅವರಿಗೆ ಕೇಳಬೇಕು, ಕೇಳುತ್ತಾ ಹಿಂಬದಿ ಓದಬೇಕು. ಒಂದೇ ಸಲ 30 ತರಬೇಡಿ, ತಿಂಗಳಿಗೆ ಒಂದು ತನ್ನಿ ಅಂದೆ. ಹಿಂದೂಸ್ತಾನಿ ಗಾಯನದ ಆರು ಎಲ್‌ಪಿ ಈವರೆಗೆ ಬಂದಿವೆ. ಒಂದಕ್ಕೆ ಮುಗ್ಗಲು ವಾಸನೆ ಇತ್ತು, ವಾಪಸ್ ಕಳಿಸಿದರು. ಕಪಾಟಿನಲ್ಲಿ ತೇವ ಅಳೆಯುವ ಪುಟ್ಟ ಮೀಟರ್ ಇಟ್ಟಿದ್ದಾರೆ. 65 ದಾಟಿದ ದಿನ ಕಪಾಟಿನೊಳಗೆ ಜೆಲ್ ಬದಲಾಯಿಸುತ್ತಾರೆ.

ಶಿವಮೊಗ್ಗದ ಹುಡುಗ ಸಾವಿರ ರೂಪಾಯಿಯಲ್ಲಿ ನಾಲ್ಕು ಇಪಿ ತಂದ, ನಾಲ್ಕರಲ್ಲೂ ಕೈಬರಹದ ಕನ್ನಡ ಹೆಸರು. ಅಜ್ಜಿಮನೆಯಿಂದ ಒಂದು ಚೀಲ ಕ್ಯಾಸೆಟ್ ಸುಮ್ನೆ ಸಿಕ್ಕಿತು. ಈಗ ದಿನಾ ಒಂದು ಹೆಸರನ್ನು ನೋಡಿಕೊಂಡು ಕುಂಚದಲ್ಲಿ ಬರೆಯುತ್ತಿದ್ದಾನೆ. ಬ್ಲೂ ನೋಟ್ ಕವರ್‌ಗಳನ್ನು ಸದ್ಯಕ್ಕೆ ಫೋನಿನಲ್ಲೇ ನೋಡು, ಅವು ಬರೀ ನೋಡಿದರೂ ಪಾಠ ಹೇಳುತ್ತವೆ ಅಂದಿದ್ದೇನೆ.

ಅಕ್ಕನ ಮಗಳ ಹಾಲ್ ಗೋಡೆ ಪಡುವಣದ್ದೇ ಆಗಿತ್ತು. ಅದನ್ನು ಬಿಟ್ಟು ಊಟದ ಮನೆಗೂ ಹಾಲ್‌ಗೂ ನಡುವಿನ ಗೋಡೆ ಆರಿಸಿದೆವು. ಒಂದು ದೊಡ್ಡ ಫ್ರೇಮಿನಲ್ಲಿ ನಾಲ್ಕು ಇಪಿ ಕವರ್, ಪಕ್ಕದಲ್ಲಿ ಹೊಸ ಅಚ್ಚಿನ ಆ ಕಪ್ಪು ಪಟ್ಟಕ. ಇಪಿಗಳನ್ನು ಮೇ ಕೊನೆಗೆ ಬಿಚ್ಚಿ ಡಬ್ಬಕ್ಕೆ ಹಾಕುತ್ತಾಳೆ. ಮಳೆಗಾಲ ಮುಗಿಯುವವರೆಗೆ ಫ್ರೇಮಿಗೆ ತಾನೇ ಕೆಮ್ಮಣ್ಣಿನಲ್ಲಿ ಬರೆದ ಒಂದು ಚಿತ್ತಾರ ಹಾಕುತ್ತಾಳಂತೆ. ದೀಪಾವಳಿಗೆ ಮನೆ ಸಾರಿಸಿದ ಮೇಲೆ ಇಪಿಗಳು ಮತ್ತೆ ಗೋಡೆಗೆ.